ಹಳಿ ಟ್ರಕ್ಕಿನ ಡೀಸೆಲ್ ಎಲ್ಲಿಗೆ ಹೋಗುತ್ತಿತ್ತು: ಆರು ವಾರಗಳ ದುರಸ್ತಿ ದಾಖಲೆ

ಹಳಿಯ ಮೇಲೂ ರಸ್ತೆಯ ಮೇಲೂ ಓಡುವ ನಮ್ಮ ನಿರ್ವಹಣಾ ಟ್ರಕ್ಕಿನ ರಿಜಿಸ್ಟರಿನಲ್ಲಿ ಹಳಿ ಕೆಲಸದ ದಿನಗಳ ಮೈಲೇಜ್ ಲೀಟರಿಗೆ 3.1 ಕಿ.ಮೀ. ಎಂದೂ, ರಸ್ತೆಯಲ್ಲಷ್ಟೇ ಓಡಿದ ದಿನಗಳ ಮೈಲೇಜ್ 5.6 ಕಿ.ಮೀ. ಎಂದೂ ದಾಖಲಾಗಿತ್ತು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವುದಕ್ಕೆ, ಟೈರು ಡಾಂಬರಿನ ಮೇಲೆ ಉರುಳುವುದಕ್ಕಿಂತ ಎಷ್ಟೋ ಕಡಿಮೆ ಬಲ ಸಾಕು ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಲೆಕ್ಕ ತಲೆಕೆಳಗಾಗಿ ಬರುತ್ತಿದ್ದುದರಿಂದ ಎಂಜಿನ್ನೇ ಸೋತಿದೆ ಎಂದು ಹಲವರು ತೀರ್ಮಾನಿಸಿಬಿಟ್ಟಿದ್ದರು. ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚುವ ಮೊದಲು ನನಗೊಂದು ತಿಂಗಳ ಅವಕಾಶ ಕೊಡಿ ಎಂದು ಕೇಳಿ ಪಡೆದುಕೊಂಡೆ. ಕೆಲಸ ಮುಗಿಯಲು ಆರು ವಾರ ಹಿಡಿಯಿತು. ಮಾಡಿದ್ದನ್ನೂ ಕೆಡಿಸಿದ್ದನ್ನೂ ನಡೆದ ಕ್ರಮದಲ್ಲೇ ಇಲ್ಲಿ ಬರೆದಿಡುತ್ತಿದ್ದೇನೆ.

ವಾಹನದ ವಿವರ ಮೊದಲು. ಎರಡು ಆಕ್ಸಲ್‌ಗಳ ಡೀಸೆಲ್ ಟ್ರಕ್, ಆರು ಗೇರುಗಳ ಕೈ ಗೇರ್‌ಬಾಕ್ಸ್, 150 ಲೀಟರಿನ ಟ್ಯಾಂಕ್. ಸಲಕರಣೆ ಮತ್ತು ಐವರು ಕೆಲಸಗಾರರನ್ನು ಸೇರಿಸಿ ತೂಕ 8,050 ಕೆ.ಜಿ. ಮುಂದೊಂದು, ಹಿಂದೊಂದು ಜೋಡಿ ಉಕ್ಕಿನ ಗೈಡ್ ಗಾಲಿಗಳಿದ್ದು, ಹೈಡ್ರಾಲಿಕ್ ಬಲದಿಂದ 1,435 ಮಿ.ಮೀ. ಅಂತರದ ಹಳಿಗಳ ಮೇಲೆ ಇಳಿಯುತ್ತವೆ. ಹಳಿಗೆ ಇಳಿದಾಗ ಮುಂದಿನ ಟೈರುಗಳು ಪೂರ್ತಿ ಮೇಲೆದ್ದು ಗಾಳಿಯಲ್ಲಿರುತ್ತವೆ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನವು ಮಾತ್ರ ಹಳಿಯ ತಲೆಯ ಮೇಲೆ ಕುಳಿತು ವಾಹನವನ್ನು ತಳ್ಳುತ್ತವೆ, ನಿಲ್ಲಿಸುವುದೂ ಅವುಗಳ ಬ್ರೇಕೇ. ಹೀಗಾಗಿ ಅರ್ಧದಷ್ಟು ತೂಕ ಹಳಿಯ ಮೇಲೂ ರಬ್ಬರಿನ ಮೇಲೆಯೇ ಇರುತ್ತದೆ, ಅದೂ ಸುಮಾರು 70 ಮಿ.ಮೀ. ಅಗಲದ ಪಟ್ಟಿಯ ಮೇಲೆ. ರೈಲುಬಂಡಿಗೆ ಸಿಗುವ ಲಾಭವೆಲ್ಲ ಇಂಥ ಟ್ರಕ್ಕಿಗೆ ಸಿಗುವುದಿಲ್ಲ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡಿದ್ದೆ. ಆದರೆ ರಸ್ತೆಗಿಂತ ಕಡಿಮೆ ಮೈಲೇಜ್ ಬರುವುದಕ್ಕೆ ಅದೊಂದೇ ಕಾರಣವಾಗಿರಲಾರದು.

ಹಂತ 1: ರಿಜಿಸ್ಟರಿನ ಅಂಕಿಯನ್ನು ಪರೀಕ್ಷಿಸಿದ್ದು

ಓಡೋಮೀಟರನ್ನು ಹಳಿಬದಿಯ ಕಿಲೋಮೀಟರ್ ಕಲ್ಲುಗಳ ಜೊತೆ ಹೋಲಿಸಿದೆ. ಕಲ್ಲುಗಳ ಪ್ರಕಾರ 20 ಕಿ.ಮೀ. ಆದಾಗ ಓಡೋಮೀಟರ್ 20.7 ತೋರಿಸಿತು. ಕಿರಿದಾದ ಹಳಿಯ ಮೇಲೆ ಟೈರು ಹೆಚ್ಚು ಒಳಕ್ಕೆ ತಗ್ಗುವುದರಿಂದ ಅದರ ಉರುಳುವ ಸುತ್ತಳತೆ ಕಡಿಮೆಯಾಗಿ, ಅಷ್ಟೇ ದೂರಕ್ಕೆ ಅದು ಹೆಚ್ಚು ಸುತ್ತು ತಿರುಗುತ್ತದೆ. ಅಂದರೆ ನಿಜವಾದ ಮೈಲೇಜ್ 3.1 ಕೂಡ ಅಲ್ಲ, 3.0. ತಪ್ಪು ಸಿಕ್ಕಿತು, ಆದರೆ ಅದು ನನ್ನ ವಿರುದ್ಧವೇ ಇತ್ತು.

ಎರಡನೆಯ ತಪ್ಪು ಡೀಸೆಲ್ ತುಂಬಿಸುವ ಜಾಗದಲ್ಲಿತ್ತು. ಕೆಲವು ದಿನ ಶೆಡ್ಡಿನ ಸಮತಟ್ಟು ನೆಲದಲ್ಲಿ, ಕೆಲವು ದಿನ ಹಳಿಯ ಮೇಲಿರುವಾಗಲೇ ಒಂದು ತಿರುವಿನ ಬಳಿ ಡ್ರಮ್ಮಿನಿಂದ ತುಂಬಿಸುತ್ತಿದ್ದರು. ತಿರುವಿನಲ್ಲಿ ಹೊರಗಿನ ಹಳಿಯನ್ನು ಎತ್ತರಿಸಿರುತ್ತಾರೆ. ಅಲ್ಲಿ ಆ ಎತ್ತರ 100 ಮಿ.ಮೀ. ಇತ್ತು. ಟ್ಯಾಂಕಿನ ಬಾಯಿ ತಗ್ಗಿನ ಬದಿಗಿದ್ದುದರಿಂದ ಡೀಸೆಲ್ ಬಾಯಿಗೆ ಬಂದು ನಿಂತರೂ ಎದುರು ಮೂಲೆಯಲ್ಲಿ ಗಾಳಿ ಉಳಿಯುತ್ತಿತ್ತು. 60 ಸೆ.ಮೀ. ಅಗಲದ ಟ್ಯಾಂಕಿನಲ್ಲಿ ಅಷ್ಟು ವಾಲಿಗೆ ಎರಡು ಬದಿಗಳ ನಡುವೆ 4 ಸೆ.ಮೀ. ವ್ಯತ್ಯಾಸ ಬರುತ್ತದೆ, ಉದ್ದ 50 ಸೆ.ಮೀ. ಆದ್ದರಿಂದ ಖಾಲಿ ಉಳಿದದ್ದು ಸುಮಾರು 6 ಲೀಟರ್. ದಿನಕ್ಕೆ 20 ಲೀಟರ್ ಖರ್ಚಾಗುವ ವಾಹನದಲ್ಲಿ 6 ಲೀಟರ್ ಅತ್ತಿತ್ತ ಸರಿದರೆ ಒಂದು ದಿನದ ಮೈಲೇಜಿಗೆ ಯಾವ ಅರ್ಥವೂ ಇರುವುದಿಲ್ಲ. ತಿಂಗಳ ಸರಾಸರಿಯಲ್ಲಿ ಇದು ಮುಚ್ಚಿಹೋಗುತ್ತದೆ, ನಿಜ. ಆದರೆ ಒಂದು ರಿಪೇರಿ ಫಲ ಕೊಟ್ಟಿತೇ ಇಲ್ಲವೇ ಎಂದು ತಿಳಿಯಲು ನನಗೆ ಬೇಕಿದ್ದುದು ಒಂದೊಂದು ಓಟದ ಲೆಕ್ಕ.

ಅದಕ್ಕಾಗಿ ಟ್ಯಾಂಕನ್ನು ಬಿಟ್ಟು, 20 ಲೀಟರಿನ ಲೋಹದ ಕ್ಯಾನಿನಿಂದ ಎಂಜಿನ್ನಿಗೆ ಡೀಸೆಲ್ ಕೊಟ್ಟು, ಓಟದ ಮೊದಲೂ ಕೊನೆಗೂ ಕ್ಯಾನನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗುವ ವ್ಯವಸ್ಥೆ ಮಾಡಿದೆ. ಡೀಸೆಲ್ ಬಿಸಿಯಾದಾಗ ಹಿಗ್ಗುತ್ತದೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.08, ತೂಕ ಮಾತ್ರ ಬದಲಾಗುವುದಿಲ್ಲ. ಕ್ಯಾನನ್ನು ಸೈಲೆನ್ಸರ್ ಕೊಳವೆಯಿಂದ ದೂರ, ಹಿಂದಿನ ತೆರೆದ ಅಂಕಣದಲ್ಲಿ ಪಟ್ಟಿ ಹಾಕಿ ಬಿಗಿದೆ.

ಇಲ್ಲಿ ಮಾಡಿದ ತಪ್ಪನ್ನು ಸ್ಪಷ್ಟವಾಗಿ ಹೇಳಬೇಕು. ಡೀಸೆಲ್ ಪಂಪು ಎಂಜಿನ್ನಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಎಳೆದು, ಉಳಿದುದನ್ನು ರಿಟರ್ನ್ ಕೊಳವೆಯ ಮೂಲಕ ಟ್ಯಾಂಕಿಗೆ ವಾಪಸ್ಸು ಕಳುಹಿಸುತ್ತದೆ. ನಾನು ಎಳೆಯುವ ಕೊಳವೆಯನ್ನು ಮಾತ್ರ ಕ್ಯಾನಿಗೆ ಜೋಡಿಸಿ ರಿಟರ್ನನ್ನು ಹಳೆಯ ಟ್ಯಾಂಕಿನಲ್ಲೇ ಬಿಟ್ಟಿದ್ದೆ. 24 ಕಿ.ಮೀ.ಗೆ ಧಾರಾಳವಾಗಿ ಸಾಕೆಂದು ತುಂಬಿದ್ದ ಡೀಸೆಲ್ 7 ಕಿ.ಮೀ.ಗೇ ಬರಿದಾಗಿ, ಕೊಳವೆಗೆ ಗಾಳಿ ಹೊಕ್ಕು, ಎಂಜಿನ್ ಹಳಿಯ ಮೇಲೆಯೇ ನಿಂತಿತು. ಗಾಳಿ ತೆಗೆದು ಮತ್ತೆ ಚಾಲೂ ಮಾಡಲು 25 ನಿಮಿಷ ಬೇಕಾಯಿತು. ಹಳಿಯ ಮೇಲಿರಲು ನಮಗೆ ಕೊಟ್ಟಿದ್ದ ಅವಧಿಯಲ್ಲಿ ಇನ್ನೂ ಒಂದು ಗಂಟೆ ಬಾಕಿಯಿತ್ತು; ಇರದಿದ್ದರೆ ಅದು ಡೀಸೆಲ್ ಲೆಕ್ಕದ ಸಮಸ್ಯೆಯಾಗಿ ಉಳಿಯುತ್ತಿರಲಿಲ್ಲ. ಮರುದಿನ ಎರಡೂ ಕೊಳವೆಗಳನ್ನು ಕ್ಯಾನಿಗೆ ಜೋಡಿಸಿ, ಶೆಡ್ಡಿನ ಅಂಗಳದಲ್ಲೇ ಅರ್ಧ ಗಂಟೆ ಓಡಿಸಿ ನೋಡಿದ ಮೇಲಷ್ಟೇ ಹಳಿಗೆ ಇಳಿಸಿದೆ. ವಾಪಸ್ಸು ಬರುವ ಡೀಸೆಲ್ ಬಿಸಿಯಾಗಿರುತ್ತದೆ, ಸಣ್ಣ ಕ್ಯಾನ್ ಬೇಗ ಕಾಯುತ್ತದೆ. ಆದ್ದರಿಂದ ಒಂದು ಪರೀಕ್ಷೆಯನ್ನು 24 ಕಿ.ಮೀ.ಗಿಂತ ಉದ್ದ ಮಾಡಲಿಲ್ಲ.

ಹಂತ 2: ದಿನವನ್ನು ಮೂರು ಪಾಲು ಮಾಡಿದ್ದು

ಎಂಜಿನ್ ಓಡುವ ಒಟ್ಟು ಗಂಟೆ, ಹೈಡ್ರಾಲಿಕ್ ಪಂಪಿಗೆ ಶಕ್ತಿ ಕೊಡುವ ಪಿಟಿಒ ಓಡುವ ಗಂಟೆ, ವಾಹನ ಚಲಿಸುವ ಗಂಟೆ ಇವನ್ನು ಹತ್ತು ದಿನ ಬೇರೆ ಬೇರೆಯಾಗಿ ಬರೆದುಕೊಂಡೆ. ಸಾಮಾನ್ಯ ದಿನವೊಂದರ ಚಿತ್ರ ಹೀಗಿತ್ತು: 60 ಕಿ.ಮೀ. ಓಟಕ್ಕೆ ಎರಡೂವರೆ ಗಂಟೆ, 10.2 ಲೀಟರ್, ಸಲಕರಣೆ ಬಳಕೆಗೆ ಒಂದು ಗಂಟೆ ಹತ್ತು ನಿಮಿಷ, ಮೂರೂವರೆ ಲೀಟರ್, ಸುಮ್ಮನೆ ನಿಂತು ಎಂಜಿನ್ ಓಡಿದ್ದು ಮೂರೂವರೆ ಗಂಟೆ, ಗಂಟೆಗೆ 1.9 ಲೀಟರಿನಂತೆ 6.6 ಲೀಟರ್.

ಆ ಕಾಗದದ ಮುಂದೆ ಬಹಳ ಹೊತ್ತು ಕುಳಿತಿದ್ದೆ. ದಿನದ ಡೀಸೆಲಿನಲ್ಲಿ ಅರ್ಧದಷ್ಟು ಒಂದು ಮೀಟರ್ ದೂರವನ್ನೂ ಸಾಗದೆ ಮುಗಿಯುತ್ತಿತ್ತು. ಕಿಲೋಮೀಟರಿನಿಂದ ಭಾಗಿಸಿದ ಒಂದೇ ಅಂಕಿಯಲ್ಲಿ ಈ ಮೂರು ಬೇರೆ ಬೇರೆ ಖರ್ಚುಗಳು ಬೆರೆತುಹೋಗಿದ್ದರಿಂದಲೇ ಎಂಜಿನ್ನಿನ ಮೇಲೆ ಅಪವಾದ ಬಂದಿತ್ತು. ಚಲಿಸುವಾಗಿನ ಮೈಲೇಜ್ ಮಾತ್ರ ತೆಗೆದುಕೊಂಡರೆ ಅದು 5.9. ಇದು ಕೆಟ್ಟ ಅಂಕಿಯಲ್ಲ, ಆದರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ, ಗಾಳಿಯ ತಡೆ ಅಷ್ಟಾಗಿ ಇಲ್ಲದ ಓಟದಲ್ಲಿ, ಇನ್ನೂ ಚೆನ್ನಾಗಿರಬೇಕಿತ್ತು.

ಹಂತ 3: ಉಜ್ಜುತ್ತಿದ್ದ ಗಾಲಿ

ಮೊದಲು ಮಾಡಿದ್ದು ವ್ಯರ್ಥವಾಯಿತು. ವಾಹನ ಒಂದು ಬದಿಗೆ ಎಳೆಯುತ್ತಿದೆ ಎಂಬ ಚಾಲಕರ ಮಾತು ಕೇಳಿ, ಇಡೀ ಒಂದು ದಿನ ಮುಂದಿನ ಟೈರುಗಳ ವೀಲ್ ಅಲೈನ್‌ಮೆಂಟ್ ಮಾಡಿದೆ. ಹಳಿಯ ಮೇಲೆ ಆ ಟೈರುಗಳು ಗಾಳಿಯಲ್ಲಿ ತೂಗಾಡುತ್ತಿರುತ್ತವೆ; ಅವುಗಳ ಕೋನಕ್ಕೂ ಹಳಿಯ ಮೇಲಿನ ಎಳೆತಕ್ಕೂ ಸಂಬಂಧವೇ ಇಲ್ಲ. ರಸ್ತೆಯ ಓಟಕ್ಕೆ ಅದರಿಂದ ಒಳ್ಳೆಯದಾಗಿರಬಹುದು, ಹಳಿಯ ಅಂಕಿ ಒಂದಿಷ್ಟೂ ಕದಲಲಿಲ್ಲ.

ಆಮೇಲೆ ಗೈಡ್ ಗಾಲಿಗಳ ಪಕ್ಕ ಮಂಡಿಯೂರಿ ಕುಳಿತು ಟಾರ್ಚ್ ಹಿಡಿದು ನೋಡಿದೆ. ಹಳಿಯ ಒಳಮಗ್ಗುಲಿಗೆ ತಾಗುವ ಅಂಚು, ಅಂದರೆ ಫ್ಲಾಂಜ್, ಮುಂದಿನ ಎಡ ಗಾಲಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು; ಬಲ ಗಾಲಿಯ ಫ್ಲಾಂಜ್ ಮೇಲೆ ಕಂದು ತುಕ್ಕಿನ ತೆಳು ಪದರ ಹಾಗೆಯೇ ಇತ್ತು. ಎಡ ಗಾಲಿಯ ತೋಳಿಗೆ ಮೆತ್ತಿದ್ದ ಗ್ರೀಸನ್ನು ಬೆರಳಿನಿಂದ ತೆಗೆದು ಬಿಳಿ ಬಟ್ಟೆಗೆ ಒರೆಸಿದಾಗ ಹಿಟ್ಟಿನಷ್ಟು ನುಣ್ಣನೆಯ ಉಕ್ಕಿನ ಪುಡಿ ಬಟ್ಟೆಯ ಮೇಲೆ ಮಿನುಗಿತು. ಒಂದೇ ಗಾಲಿ ಸದಾ ಹಳಿಗೆ ಒರೆದುಕೊಂಡು ಸಾಗುತ್ತಿತ್ತು. ಹಾಗೆ ಸವೆದ ಪ್ರತಿ ಕಣಕ್ಕೂ ಡೀಸೆಲ್ ಖರ್ಚಾಗಿದೆ.

ಹಿಂದಿನ ಆಕ್ಸಲ್ಲಿನ ನಡುಬಿಂದುವಿನಿಂದ ಮುಂದಿನ ಗೈಡ್ ಗಾಲಿಯ ನಡುಬಿಂದುವಿಗೆ ಎರಡೂ ಬದಿಯಲ್ಲಿ ಉಕ್ಕಿನ ಟೇಪಿನಿಂದ ಅಳೆದೆ. ಎಡಕ್ಕೂ ಬಲಕ್ಕೂ 9 ಮಿ.ಮೀ. ವ್ಯತ್ಯಾಸವಿತ್ತು. ಚಾಸಿಗೆ ಗೈಡ್ ಚೌಕಟ್ಟನ್ನು ಬಿಗಿದ ನಾಲ್ಕು ಬೋಲ್ಟುಗಳಲ್ಲಿ ಒಂದು ಸಡಿಲವಾಗಿ, ಅದರ ರಂಧ್ರ ಅಂಡಾಕಾರಕ್ಕೆ ತಿರುಗಿತ್ತು. ಚೌಕಟ್ಟು ಓರೆಯಾದಾಗ ಗಾಲಿಗಳು ಹಳಿಗೆ ನೇರವಾಗಿ ನಿಲ್ಲದೆ ಒಂದು ಬದಿಗೆ ಹತ್ತಲು ನೋಡುತ್ತವೆ. ಡೀಸೆಲಿಗಿಂತ ಮೊದಲು ಇದು ಹಳಿ ತಪ್ಪುವ ಅಪಾಯ. ಹಾಗಾಗಿ ಅದು ಸರಿಯಾಗುವ ತನಕ ವಾಹನವನ್ನು ಹಳಿಗೆ ಇಳಿಸಲಿಲ್ಲ. ರಂಧ್ರಕ್ಕೆ ಬೆಸುಗೆ ತುಂಬಿಸಿ ಹೊಸದಾಗಿ ಕೊರೆಯಿಸಿ, ಹೊಸ ಬೋಲ್ಟುಗಳನ್ನು ತಯಾರಕರು ಹೇಳಿದ ಟಾರ್ಕಿಗೆ ಬಿಗಿದು, ಮಧ್ಯೆ ತೆಳು ತಗಡಿನ ಷಿಮ್ ಕೊಟ್ಟೆ. ಮೊದಲ ಸಲ ಷಿಮ್ಮನ್ನು ತಪ್ಪು ಬದಿಗೆ ಹಾಕಿಬಿಟ್ಟೆ. ನಡುಬಿಂದುವಿನಿಂದ ಅಳೆಯುವ ಬದಲು ಬಂಪರಿನಿಂದ ಅಳೆದದ್ದೇ ಅದಕ್ಕೆ ಕಾರಣ, ಆ ಬಂಪರ್ ಹಿಂದೆಂದೋ ಒಂದು ಬದಿಗೆ ಬಾಗಿತ್ತು. ಎರಡನೆಯ ಪ್ರಯತ್ನದಲ್ಲಿ ವ್ಯತ್ಯಾಸ 1 ಮಿ.ಮೀ.ಗೆ ಇಳಿಯಿತು.

ಗಾಲಿಗಳನ್ನು ನೆಲದಿಂದೆತ್ತಿ ಕೈಯಿಂದ ತಿರುಗಿಸಿದಾಗ ಮೂರು ಗಾಲಿಗಳು ಮೂರು ನಾಲ್ಕು ಸುತ್ತು ತಿರುಗಿದವು. ಹಿಂದಿನ ಬಲ ಗಾಲಿ ಅರ್ಧ ಸುತ್ತಿಗೇ ನಿಂತಿತು. 10 ಕಿ.ಮೀ. ಓಟದ ನಂತರ ಅದರ ಹಬ್ 71 ಡಿಗ್ರಿ ತೋರಿಸಿತ್ತು, ಉಳಿದವು 40ರ ಆಸುಪಾಸಿನಲ್ಲಿದ್ದವು. ಹಿಂದಿನ ಸರ್ವೀಸಿನಲ್ಲಿ ಆ ಟೇಪರ್ ರೋಲರ್ ಬೇರಿಂಗಿನ ನಟ್ಟನ್ನು ಬಿಗಿದವನು ನಾನೇ. ಬಿಗಿದ ಮೇಲೆ ಹಿಂದಕ್ಕೆ ಸ್ವಲ್ಪ ಸಡಿಲಿಸಬೇಕಾದುದನ್ನು ಬಿಟ್ಟಿದ್ದೆ. ಬೇರಿಂಗಿನ ಹೊರ ಬಳೆ ನೀಲಿಗಟ್ಟಿದ್ದರಿಂದ ಬೇರಿಂಗ್, ಸೀಲ್ ಎರಡನ್ನೂ ಬದಲಿಸಿದೆ. ಈಗ ಅದೇ ಓಟಕ್ಕೆ 41 ಡಿಗ್ರಿ.

ಜೋಡಿಸುವಾಗ ಇನ್ನೊಂದು ಎಡವಟ್ಟಾಯಿತು. ನಮ್ಮ ವಾಹನದ ಎಡ ಮತ್ತು ಬಲ ಗಾಲಿಗಳ ನಡುವೆ ವಿದ್ಯುತ್ ಹರಿಯದಂತೆ ಇನ್ಸುಲೇಟಿಂಗ್ ಬುಷ್‌ಗಳಿವೆ; ಅವಿಲ್ಲದಿದ್ದರೆ ವಾಹನವು ಎರಡು ಹಳಿಗಳನ್ನು ಜೋಡಿಸಿದಂತಾಗಿ ಹಳಿಗಳಲ್ಲಿ ವಿದ್ಯುತ್ ಹರಿಸಿ ರೈಲು ಇರುವುದನ್ನು ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್ ಇರುವ ಕಡೆ ಸಿಗ್ನಲ್ಲಿಗೆ ತಪ್ಪು ಸೂಚನೆ ಹೋಗಬಹುದು. ಒಂದು ವಾಷರ್ ಬುಷ್ಷಿನ ಅಂಚನ್ನು ದಾಟಿ ಲೋಹಕ್ಕೆ ತಾಗಿಕೊಂಡಿತ್ತು. ಶೆಡ್ಡಿನಲ್ಲೇ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು ನೋಡುವ ಅಭ್ಯಾಸ ಇದ್ದುದರಿಂದ ಹಳಿಗೆ ಇಳಿಯುವ ಮೊದಲೇ ಸಿಕ್ಕಿತು. ಗೈಡ್ ಗಾಲಿಯನ್ನು ಬಿಚ್ಚಿದವರು ಯಾರೇ ಆಗಲಿ, ಈ ಪರೀಕ್ಷೆಯನ್ನು ಬಿಡಲೇಬಾರದು.

ಇದೇ ವಾರ ಟೈರು ಗಾಳಿಯನ್ನೂ ನೋಡಿದೆ. ಹಳಿ ಮುಟ್ಟುವ ಒಳಟೈರುಗಳಲ್ಲಿ 100 ಪಿಎಸ್‌ಐ ಇರಬೇಕಾದ ಕಡೆ 86 ಇತ್ತು. ವಾಲ್ವ್ ಕೈಗೆ ಸಿಗುವುದಿಲ್ಲವೆಂದು ಯಾರೂ ಅಳೆಯುತ್ತಿರಲಿಲ್ಲ. ಉದ್ದನೆಯ ವಾಲ್ವ್ ಕೊಳವೆ ಹಾಕಿಸಿದ ಮೇಲೆ ಆ ನೆಪ ಉಳಿದಿಲ್ಲ.

ಈ ಮೂರೂ ಸೇರಿ ಚಲಿಸುವಾಗಿನ ಮೈಲೇಜ್ 5.9ರಿಂದ 6.6ಕ್ಕೆ ಏರಿತು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆ. ಒಂದೊಂದಾಗಿ ಮಾಡಿ ಅಳೆಯಬೇಕಿತ್ತು, ವಾಹನವನ್ನು ಬೇಗ ಕೆಲಸಕ್ಕೆ ಬಿಡುವ ಒತ್ತಡದಲ್ಲಿ ಒಟ್ಟಿಗೆ ಮಾಡಿದೆ.

ಹಂತ 4: ಮಾಡಬಾರದಿದ್ದ ಪ್ರಯೋಗ

ತೂಕದ ಪ್ಯಾಡುಗಳನ್ನಿಟ್ಟು ಅಳೆದಾಗ ಮುಂದಿನ ಗೈಡ್ ಗಾಲಿಗಳ ಮೇಲೆ 3,100 ಕೆ.ಜಿ., ಹಿಂದಿನ ಗೈಡ್ ಗಾಲಿಗಳ ಮೇಲೆ 900, ಹಿಂದಿನ ಟೈರುಗಳ ಮೇಲೆ 4,050 ಇತ್ತು. ರಬ್ಬರಿನ ಮೇಲಿನ ತೂಕವನ್ನು ಉಕ್ಕಿನ ಮೇಲೆ ಹಾಕಿದರೆ ಉರುಳುವ ತಡೆ ಕಡಿಮೆಯಾಗುತ್ತದೆ ಎಂಬ ಲೆಕ್ಕದಿಂದ ಹಿಂದಿನ ಸ್ಪ್ರಿಂಗ್ ನಟ್ಟುಗಳನ್ನು ತಿರುಗಿಸಿ 900ನ್ನು 1,500ಕ್ಕೆ ಏರಿಸಿದೆ. ಮೈಲೇಜಿನಲ್ಲಿ ಕಂಡ ಲಾಭ ಶೇ. 2ರಷ್ಟು, ನನ್ನ ಅಳತೆಯ ತಪ್ಪಿನೊಳಗೇ ಅಡಗುವಷ್ಟು. ಆದರೆ ನೀರು ಹಾಕಿ ಒದ್ದೆ ಮಾಡಿದ ಹಳಿಯ ಮೇಲೆ ಗಂಟೆಗೆ 20 ಕಿ.ಮೀ. ವೇಗದಿಂದ ನಿಲ್ಲಲು ಮೊದಲು 17 ಮೀಟರ್ ಸಾಕಾಗುತ್ತಿದ್ದುದು ಈಗ 20 ಮೀಟರ್ ಆಯಿತು, ಏರಿನಲ್ಲಿ ಹೊರಡುವಾಗ ಟೈರು ಜಾರಿತು. ತಳ್ಳುವುದೂ ತಡೆಯುವುದೂ ಆ ಎರಡು ಟೈರುಗಳೇ ಆಗಿರುವಾಗ ಅವುಗಳ ಮೇಲಿನ ಭಾರವನ್ನು ಕಸಿಯುವುದು ತಪ್ಪು. ತಯಾರಕರ ಫಲಕದಲ್ಲಿ ಬರೆದ ಮಿತಿಯನ್ನು ಡೀಸೆಲಿಗಾಗಿ ಮುಟ್ಟಬಾರದಿತ್ತು. ಅದೇ ಸಂಜೆ ಹಳೆಯ ಅಳತೆಗೆ ತಂದು, ಮತ್ತೆ ತೂಗಿ, ನಟ್ಟುಗಳಿಗೆ ಬಣ್ಣದ ಗುರುತು ಹಾಕಿದೆ.

ಹಂತ 5: ಗೇರು

ಗಂಟೆಗೆ 30 ಕಿ.ಮೀ.ಗೆ ನಾಲ್ಕನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1,900 ಸುತ್ತು, ಐದನೆಯದರಲ್ಲಿ 1,350 ಸುತ್ತು ತಿರುಗುತ್ತದೆ. ಚಾಲಕರು ರೂಢಿಯಿಂದ ನಾಲ್ಕರಲ್ಲೇ ಇರುತ್ತಿದ್ದರು. ಐದರ ಮೊದಲ ಪರೀಕ್ಷೆಯಲ್ಲಿ 9.8 ಬಂದಾಗ ಬಹಳ ಸಂತೋಷಪಟ್ಟೆ, ಆ ಸಂತೋಷ ವಾಪಸ್ಸು ಓಟದವರೆಗೆ ಮಾತ್ರ ಉಳಿಯಿತು. ಆ 12 ಕಿ.ಮೀ. ಉದ್ದಕ್ಕೂ ಸೌಮ್ಯವಾದ ಇಳಿಜಾರಿತ್ತು. ನೂರಕ್ಕೆ ಒಂದರ ಏರು ಕೂಡ ಪ್ರತಿ ಟನ್ನಿಗೆ 98 ನ್ಯೂಟನ್ ಹಿಂದಕ್ಕೆ ಎಳೆಯುತ್ತದೆ. ಎಂಟು ಟನ್ನಿನ ವಾಹನಕ್ಕೆ ಅದು ಸಮತಟ್ಟಿನ ಒಟ್ಟು ತಡೆಯ ಹತ್ತಿರಕ್ಕೇ ಬರುವ ಬಲ. ಅಲ್ಲಿಂದೀಚೆಗೆ ಹೋಗುವುದು ಬರುವುದು ಎರಡನ್ನೂ ಸೇರಿಸದೆ ಯಾವ ಅಂಕಿಯನ್ನೂ ಬರೆದಿಲ್ಲ. ಎರಡೂ ಸೇರಿದ ಲೆಕ್ಕ: ನಾಲ್ಕರಲ್ಲಿ 6.6, ಐದರಲ್ಲಿ 7.5. ಏರಿನಲ್ಲಿ ಎಂಜಿನ್ ಒದ್ದಾಡುವ ಮೊದಲೇ ನಾಲ್ಕಕ್ಕೆ ಇಳಿಸಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವುದನ್ನು ಮಾತ್ರ ಯಾರಿಗೂ ಹೇಳಿಕೊಡುವುದಿಲ್ಲ.

ಹಂತ 6: ನಿಂತಲ್ಲೇ ಉರಿಯುವ ಡೀಸೆಲ್

ಎಂಜಿನ್ ಆರಿಸಿ ಎಂದು ಫಲಕ ಬರೆದು ಹಾಕಿದ್ದರೆ ಈ ಹಂತ ಒಂದು ದಿನದಲ್ಲಿ ಮುಗಿಯುತ್ತಿತ್ತು, ಪ್ರಯೋಜನವೂ ಆಗುತ್ತಿರಲಿಲ್ಲ. ಕೆಲಸಗಾರರನ್ನು ಕೇಳಿದಾಗ ಅವರ ಕಾರಣ ಸರಿಯಾಗಿಯೇ ಇತ್ತು. ಒಮ್ಮೆ ಎಚ್ಚರಿಕೆಯ ದೀಪ, ರೇಡಿಯೊ, ಕೆಲಸದ ದೀಪಗಳು ಬ್ಯಾಟರಿಯನ್ನು ಬರಿದು ಮಾಡಿ, ಹಳಿ ಬಿಟ್ಟುಕೊಡಬೇಕಾದ ಹೊತ್ತಿಗೆ ಎಂಜಿನ್ ಚಾಲೂ ಆಗಿರಲಿಲ್ಲ. ಆ ಭಯ ಹೋಗದೆ ಯಾರೂ ಕೀಲಿ ತಿರುಗಿಸುವುದಿಲ್ಲ, ತಿರುಗಿಸಬೇಕೆಂದು ನಾನೂ ಹೇಳಲಾರೆ.

ಆದ್ದರಿಂದ ದೀಪ ಮತ್ತು ರೇಡಿಯೊಗಳಿಗೆಂದೇ 12 ವೋಲ್ಟಿನ, 100 ಆಂಪಿಯರ್-ಗಂಟೆಯ ಎರಡನೆಯ ಬ್ಯಾಟರಿಯನ್ನು ಕೂರಿಸಿ, ಎಂಜಿನ್ ಓಡುವಾಗ ಮಾತ್ರ ಎರಡೂ ಸೇರುವಂತೆ ರಿಲೇ ಹಾಕಿದೆ. ಒಟ್ಟು ಎಳೆತ 11 ಆಂಪಿಯರ್. ಅರ್ಧ ಬ್ಯಾಟರಿ ಬಳಸಿದರೂ ನಾಲ್ಕೂವರೆ ಗಂಟೆ ಬರುತ್ತದೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ದೀಪಗಳು ಮುಟ್ಟುವುದೇ ಇಲ್ಲ.

ಮೊದಲ ಜೋಡಣೆ ಮೂರನೆಯ ದಿನ ಕೈಕೊಟ್ಟಿತು, ಎಚ್ಚರಿಕೆಯ ದೀಪ ಮಂಕಾಯಿತು. ಶೆಡ್ಡಿನಲ್ಲಿದ್ದ 6 ಚದರ ಮಿ.ಮೀ. ತಂತಿಯನ್ನೇ 7 ಮೀಟರ್ ಎಳೆದಿದ್ದೆ. 40 ಆಂಪಿಯರ್ ಹರಿಯುವಾಗ ಆ ತಂತಿಯಲ್ಲೇ 0.8 ವೋಲ್ಟ್ ಕಳೆದುಹೋಗಿ, ಆಲ್ಟರ್ನೇಟರಿನ ಬಳಿ 14.1 ಇದ್ದುದು ಬ್ಯಾಟರಿಗೆ 13.3 ಆಗಿ ತಲುಪುತ್ತಿತ್ತು. ನಮ್ಮ ಸಣ್ಣ ಸಣ್ಣ ಓಟಗಳಲ್ಲಿ ಅದು ತುಂಬುತ್ತಲೇ ಇರಲಿಲ್ಲ. 25 ಚದರ ಮಿ.ಮೀ. ತಂತಿ ಹಾಕಿ, ಎರಡೂ ಬ್ಯಾಟರಿಗಳ ಬಳಿ ಒಂದೊಂದು ಫ್ಯೂಸ್ ಕೊಟ್ಟ ಮೇಲೆ 13.9 ತಲುಪುತ್ತಿದೆ.

ಇದಾದ ಎರಡನೆಯ ವಾರಕ್ಕೆ ಕೆಲಸಗಾರರು ತಾವಾಗಿಯೇ ಎಂಜಿನ್ ಆರಿಸತೊಡಗಿದರು. ಸುಮ್ಮನೆ ಓಡುವ ಸಮಯ ಮೂರೂವರೆ ಗಂಟೆಯಿಂದ ಒಂದು ಗಂಟೆಗೆ ಇಳಿಯಿತು. ಚಳಿಯಲ್ಲಿ ಕ್ಯಾಬಿನ್ನಿನೊಳಗೆ ಮೈ ಬೆಚ್ಚಗೆ ಮಾಡಿಕೊಳ್ಳಲು ಓಡಿಸುವುದನ್ನು ನಾನು ಪೋಲು ಎಂದು ಲೆಕ್ಕ ಹಿಡಿಯುವುದಿಲ್ಲ. ಪಿಟಿಒ ಬಳಕೆಯಲ್ಲೂ ಸಲಕರಣೆ ಕೆಳಗಿಟ್ಟ ಮೇಲೆ ಎಂಜಿನ್ ವೇಗವನ್ನು ಇಳಿಸದೆ ಬಿಡುತ್ತಿದ್ದುದು ತಪ್ಪಿ, ದಿನಕ್ಕೆ 50 ನಿಮಿಷಕ್ಕೆ ಬಂದಿದೆ.

ಹಂತ 7: ಹೊರೆ

ಅಂಕಣದ ಅಡಿಯಿಂದ ಹಳಿ ಜೋಡಿಸುವ ಹಳೆಯ ಫಿಶ್‌ಪ್ಲೇಟುಗಳು, ಬೋಲ್ಟುಗಳು, ಮುರಿದ ಜಾಕ್, ಎರಡು ಸರಪಳಿ ಸೇರಿ 410 ಕೆ.ಜಿ. ಹೊರಬಂತು. ಹಳಿಯ ಮೈಲೇಜಿನಲ್ಲಿ ಇದರ ಪರಿಣಾಮ ನನ್ನ ತಕ್ಕಡಿಗೆ ಕಾಣಿಸಲಿಲ್ಲ. ಕಾಣದಿದ್ದರೂ ಮತ್ತೆ ತುಂಬಿಸಿಲ್ಲ.

ಈಗಿನ ಸ್ಥಿತಿ

60 ಕಿ.ಮೀ.ಯ ದಿನಕ್ಕೆ ಓಟಕ್ಕೆ 8 ಲೀಟರ್, ನಿಂತಲ್ಲಿ 1.9, ಸಲಕರಣೆಗೆ ಎರಡೂವರೆ, ಒಟ್ಟು 12.4 ಲೀಟರ್. ಮೊದಲು 20.3 ಇತ್ತು. ಇಂಜೆಕ್ಟರುಗಳನ್ನು ಯಾರೂ ಮುಟ್ಟಿಲ್ಲ. ರಿಜಿಸ್ಟರಿನಲ್ಲಿ ಈಗ ಕಿಲೋಮೀಟರಿನ ಪಕ್ಕದಲ್ಲಿ ಎಂಜಿನ್ ಗಂಟೆ, ಪಿಟಿಒ ಗಂಟೆಗಳಿಗೆ ಎರಡು ಕಾಲಂ ಇವೆ, ಡೀಸೆಲ್ ತುಂಬಿಸುವುದು ಶೆಡ್ಡಿನಲ್ಲಿ ಮಾತ್ರ.

ಬಾಕಿ ಉಳಿದದ್ದು ಹಿಂದಿನ ಗೈಡ್ ತೋಳಿನ ಪಿನ್. ಅದರ ಬುಷ್ಷಿನಲ್ಲಿ ಒಂದೂವರೆ ಮಿ.ಮೀ. ಆಟವಿದೆ, ಬದಲಿ ಬುಷ್ ಇನ್ನೂ ಬಂದಿಲ್ಲ. ಮುಂದಿನ ಎರಡೂ ಗೈಡ್ ಗಾಲಿಗಳ ಫ್ಲಾಂಜಿಗೆ ಬಿಳಿ ಬಣ್ಣ ಬಳಿದು ಬಿಟ್ಟಿದ್ದೇನೆ, 600 ಕಿ.ಮೀ. ಓಡಿದ ಮೇಲೆ ಮೊನ್ನೆ ನೋಡಿದಾಗ ಬಣ್ಣ ಎಡ ಬಲ ಎರಡರಲ್ಲೂ ಬಹುಮಟ್ಟಿಗೆ ಸಮನಾಗಿ ಸವೆದಿತ್ತು. ಬುಷ್ ಬಂದ ದಿನ ಅಳತೆಯನ್ನು ಮತ್ತೆ ಆ ಹಿಂದಿನ ಆಕ್ಸಲ್ಲಿನ ನಡುಬಿಂದುವಿನಿಂದಲೇ ಶುರು ಮಾಡಬೇಕು.